ಷಡ್ಡಕನಿಗೆ ಮಾಡಿದ್ದೇ ನನಗೂ

ನಮ್ಮ ದೊಡ್ಡ ಭಾವ ಹನುಮಂತಯ್ಯನವರ ಬಗ್ಗೆ ಬರೆಯಲು ಕೂತರೆ ಅವರ ಷಡ್ಡಕ ಅನಂತರಾಜು ಕರೆಯದೇ ಬಂದು ಪಕ್ಕದಲ್ಲಿ ಕೂರುತ್ತಾರೆ. ಅದಕ್ಕೆ ನಾನೇನು ಮಾಡಲಿ? ದೊಡ್ಡ ಭಾವನ ಬದುಕಿನಲ್ಲೂ ಹಾಗೇ ಆಗಿದೆ. ಇವರಿಬ್ಬರೂ ನನ್ನ ಇಬ್ಬರು ಅಕ್ಕಂದಿರನ್ನು ಮದುವೆಯಾದವರು. ದೊಡ್ಡಕ್ಕ ಕೆಂಚಮ್ಮನ ಗಂಡ ಹನುಮಂತಯ್ಯ, ಕನಕಪುರದ ಕಡೆ ರೇಷ್ಮೆ ಬೆಳೆಯುವ ರೈತ. ಚಿಕ್ಕಕ್ಕ ಚಿಕ್ಕಲಕ್ಷ್ಮಮ್ಮನ ಗಂಡ ಅನಂತರಾಜು, ಬಿಡದಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ ರಿಟೈರ್ ಆದವರು, ಈಗ ರಾಮನಗರದಲ್ಲಿ ಮನೆ ಮಾಡಿದ್ದಾರೆ. ನಾನು ನಟರಾಜು. ಮಾಗಡಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡು, ಈ ಇಬ್ಬರ ನಡುವೆ ನಾನೂ ಒಂದಿಷ್ಟು ಹಿಟ್ಟಾಗಿದ್ದೇನೆ.

ದೊಡ್ಡ ಭಾವ ಕೆಟ್ಟವರಲ್ಲ. ಯಾರ ಮನೆಯಲ್ಲಿ ಕಷ್ಟ ಅಂದರೂ ಪಂಚೆ ಎತ್ತಿಕಟ್ಟಿ ಬರುವ ಆಳು. ಗೂಡಿನ ಮಾರ್ಕೆಟ್ಟಿನಲ್ಲಿ ಕೆಲವರು ಮೇಲೆ ಒಳ್ಳೆಯ ಗೂಡು ಹರಡಿ ಕೆಳಗೆ ಜೊಳ್ಳು ಮುಚ್ಚಿಡುತ್ತಾರೆ, ಕೊಂಡು ನೂಲು ಬಿಚ್ಚುವ ರೀಲರುಗಳು ತಳಕ್ಕೆ ಕೈ ಹಾಕಿ ಎತ್ತಿ ನೋಡುತ್ತಾರೆ. ನಮ್ಮ ಭಾವನ ಗೂಡಿಗೆ ಯಾರೂ ಹಾಗೆ ಕೈ ಹಾಕುತ್ತಿರಲಿಲ್ಲ. ಅಷ್ಟು ನಂಬಿಕೆ ಉಳಿಸಿಕೊಂಡ ಮನುಷ್ಯ, ಅನಂತರಾಜು ಹೆಸರು ಕಿವಿಗೆ ಬಿದ್ದ ಕೂಡಲೇ ಬೇರೆಯವರಾಗಿಬಿಡುತ್ತಾರೆ. ಅನಂತರಾಜು ತಲೆಗೂದಲು ಇನ್ನೂ ಕಪ್ಪಗಿದೆ, ಅದು ಇವರಿಗೆ ಉರಿ. ಅನಂತರಾಜು ಬೋರ್ ಕೊರೆಸಿದರೆ ಮೊದಲನೆಯದರಲ್ಲೇ ನೀರು ಬಂತು, ಅದೂ ಉರಿ. ಒಮ್ಮೆ ಮನೆಮಂದಿಯೆಲ್ಲ ಸಾವನದುರ್ಗ ಹತ್ತಿದೆವು. ಚಿಕ್ಕ ಭಾವ ಮಾತಾಡಿಕೊಂಡೇ ಮೇಲೆ ಹೋಗಿ ಕೂತರು. ದೊಡ್ಡ ಭಾವ ಅರ್ಧದಲ್ಲಿ ಬಂಡೆಯ ಮೇಲೆ ಕೂತು, ಚಪ್ಪಲಿ ಸರಿಯಿಲ್ಲ ಎಂದರು. ಚಪ್ಪಲಿ ಸರಿಯಾಗೇ ಇತ್ತು, ನಾನು ನೋಡಿದ್ದೇನೆ.

ಈ ಉರಿ ನಮ್ಮಪ್ಪನಿಗೆ ಚಿಕ್ಕಕ್ಕನ ಮದುವೆಯ ವರ್ಷವೇ ತಿಳಿಯಿತು. ಅವತ್ತಿನಿಂದ ಅವರು ಇಬ್ಬರು ಅಳಿಯಂದಿರಿಗೂ ಒಂದೇ ಅಂಗಡಿಯ, ಒಂದೇ ಅಂಚಿನ ಪಂಚೆ ತಂದರು. ಒಬ್ಬರಿಗೆ ಶಲ್ಯವಾದರೆ ಇನ್ನೊಬ್ಬರಿಗೂ ಶಲ್ಯ. ಒಂದೇ ವ್ಯತ್ಯಾಸ ಉಳಿಸಿಕೊಂಡಿದ್ದರು: ಹಬ್ಬದೂಟದಲ್ಲಿ ಮೊದಲು ಬಡಿಸುವುದು ದೊಡ್ಡ ಅಳಿಯನ ಎಲೆಗೆ. ಅಪ್ಪ ಹೋದ ಮೇಲೆ ನಾನೂ ಅದನ್ನೇ ನಡೆಸಿಕೊಂಡು ಬಂದೆ. ನನ್ನ ಮನೆಯ ಗೃಹಪ್ರವೇಶದ ದಿನ ಬಡಿಸುವವರು ಯಾರೋ ಗೊತ್ತಿಲ್ಲದೆ ಅನಂತರಾಜು ಎಲೆಗೆ ಮೊದಲು ಮುದ್ದೆ ಇಟ್ಟುಬಿಟ್ಟರು. ದೊಡ್ಡ ಭಾವ ಎಲೆ ಮಡಚಿ ಎದ್ದು ಹೋದರು. ದೊಡ್ಡಕ್ಕ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡು, ಊಟ ಮಾಡದೆ ಗಂಡನ ಹಿಂದೆ ಹೊರಟಳು. ಅನಂತರಾಜು ಮಾತ್ರ ಮುಜುಗರದಿಂದ ಆ ಮುದ್ದೆಯನ್ನೇ ನೋಡುತ್ತಾ ಕೂತಿದ್ದರು.

ಇಂಥ ಅನಂತರಾಜುಗೆ ಹೋದ ವರ್ಷ ಕ್ಯಾನ್ಸರ್ ಬಂತು. ಕಾರ್ಖಾನೆಯವರು ರಿಟೈರ್ ಆದವರಿಗೂ ಮಾಡಿಸುವ ಆರೋಗ್ಯ ತಪಾಸಣೆಯಲ್ಲಿ ಪಿಎಸ್ಎ ಎನ್ನುವ ರಕ್ತ ಪರೀಕ್ಷೆ ಸ್ವಲ್ಪ ಜಾಸ್ತಿ ಬಂದಿತ್ತು. ಸ್ಕ್ಯಾನ್ ಮಾಡಿ, ಸೂಜಿ ಹಾಕಿ ತುಣುಕು ತೆಗೆದು ನೋಡಿದರು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಗಡ್ಡೆ. ಮೂತ್ರಚೀಲದ ಕೆಳಗೆ ಕೂತಿರುವ ಪುಟ್ಟ ಗ್ರಂಥಿ ಅದು, ಗಂಡಸರಿಗೆ ಮಾತ್ರ ಇರುವಂಥದ್ದು. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದಾಗ ಅವರು ಇದನ್ನೆಲ್ಲ ಬಾಯಿಬಿಟ್ಟು ಹೇಳಿದರು. ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದಳು. ಅನಂತರಾಜು ಹೆದರಬೇಡಿ ಎಂದು ಎಲ್ಲರನ್ನೂ ಸಮಾಧಾನ ಮಾಡಿದರು. ಗಡ್ಡೆ ಒಂದೇ ಕಡೆ, ಒಂದೇ ಜಾಗದಲ್ಲಿತ್ತಂತೆ. ಗ್ರಂಥಿಯನ್ನು ಪೂರ್ತಿ ತೆಗೆಯುವ ಬದಲು ಆ ಜಾಗವನ್ನಷ್ಟೇ ಶಬ್ದದ ಅಲೆಯಿಂದ ಸುಟ್ಟರಂತೆ. ಹೊಟ್ಟೆ ಕುಯ್ದಿಲ್ಲ, ಹೊಲಿಗೆಯಿಲ್ಲ, ಮಾರನೇ ದಿನ ಮನೆ. ಹೇಳಿ ಮುಗಿಸಿ ಕೋಳಿಸಾರಿಗೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ನಾನು ದೊಡ್ಡ ಭಾವನ ಮುಖ ನೋಡಿದೆ. ಷಡ್ಡಕನಿಗೆ ಕ್ಯಾನ್ಸರ್ ಅಂತ ಕೇಳಿದಾಗ ಅಲ್ಲಿ ನಿಜವಾದ ಗಾಬರಿಯೇ ಇತ್ತು. ಮಾರನೇ ದಿನ ಮನೆ ಎಂದ ಕೂಡಲೇ ಗಾಬರಿ ಇಳಿದು ಹಳೆಯ ಗಂಟು ಬಂದು ಕೂತಿತು. ಕೈತೊಳೆಯಲು ಹೋದಾಗ ನನ್ನ ಕಿವಿಯಲ್ಲಿ ಹೇಳಿಯೂ ಬಿಟ್ಟರು:

"ನೋಡ್ದಾ? ಇವನಿಗೆ ಕಾಯ್ಲೆ ಬಂದ್ರೂ ಒಸಿ ಮೂಲೇಲಿ ಬತ್ತದೆ."

ಕಾಯಿಲೆಯ ಮೇಲೂ ಹೊಟ್ಟೆಕಿಚ್ಚು ಪಡುವವರನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಗೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅನಂತರಾಜು ಹೊರಡುವಾಗ, ಅರವತ್ತು ದಾಟಿದವರೆಲ್ಲ ಒಮ್ಮೆ ಈ ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳಿ ಹೋಗಿದ್ದರು. ಅವನು ಮಾಡಿಸಿದ್ದನ್ನು ತಾನು ಮಾಡಿಸದೆ ಇರುವುದುಂಟೇ? ಮುಂದಿನ ವಾರವೇ ದೊಡ್ಡ ಭಾವ ಕನಕಪುರದ ಲ್ಯಾಬಿಗೆ ಹೋಗಿ ರಕ್ತ ಕೊಟ್ಟರು. ಹೀಗೆ ಅವರ ಕಾಯಿಲೆ ಪತ್ತೆಯಾಗಿದ್ದೇ ಹೊಟ್ಟೆಕಿಚ್ಚಿನಿಂದ. ಪಿಎಸ್ಎ ಅನಂತರಾಜುದಕ್ಕಿಂತ ಒಂದು ಚೂರು ಮೇಲಿತ್ತು, ಅಷ್ಟೆ. ದೊಡ್ಡ ಭಾವ ನನಗೆ ಫೋನ್ ಮಾಡಿ, ತನಗೂ ಅದೇ ಬಂದಿದೆ, ಅದೇ ಆಸ್ಪತ್ರೆಗೆ, ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದರು. ದನಿಯಲ್ಲಿ ಹೆದರಿಕೆ ಇರಲಿಲ್ಲ. ಮದುವೆ ಮನೆಗೆ ತಡವಾಗಿ ಹೊರಟವರ ಅವಸರವಿತ್ತು.

ಆಸ್ಪತ್ರೆ ಬೆಂಗಳೂರಿನದು. ಡಾಕ್ಟರು ನೇತ್ರಾ ಅಂತ, ಹೆಂಗಸು. ಇಂಥ ಜಾಗದ ಕಾಯಿಲೆಗೆ ಹೆಂಗಸು ಡಾಕ್ಟರೇ ಎಂದು ದೊಡ್ಡ ಭಾವ ಬಾಗಿಲಲ್ಲೇ ಹಿಂದೆ ಸರಿದರು. ಅನಂತರಾಜು ಇವರ ಹತ್ತಿರವೇ ತೋರಿಸಿಕೊಂಡದ್ದು ಎಂದೆ. ಒಳಗೆ ನಡೆದರು.

ಡಾಕ್ಟರು ಸಮಾಧಾನದಿಂದ ಎಲ್ಲ ಬಿಡಿಸಿ ಹೇಳಿದರು. ಜಾಗ ನೋಡಿ ಸುಡುವ ಚಿಕಿತ್ಸೆ ಎಲ್ಲರಿಗೂ ಆಗುವುದಿಲ್ಲ. ಗಡ್ಡೆ ಗ್ರಂಥಿಯ ಒಳಗೇ ಇರಬೇಕು. ಒಂದೇ ಕಡೆ ಇರಬೇಕು, ಸ್ಕ್ಯಾನಿನಲ್ಲಿ ಕಾಣಬೇಕು, ಸೂಜಿಯಲ್ಲಿ ಬಂದದ್ದೂ ಸ್ಕ್ಯಾನಿನಲ್ಲಿ ಕಂಡದ್ದೂ ತಾಳೆಯಾಗಬೇಕು. ತೀರಾ ಸಾಧುವಾದ ಗಡ್ಡೆಯಾದರೆ ಸುಡುವುದೇ ಬೇಡ, ನೋಡಿಕೊಂಡು ಇದ್ದರೆ ಸಾಕು. ತೀರಾ ಒರಟಾದರೆ ಸುಟ್ಟರೆ ಸಾಲದು. ಪಿಎಸ್ಎ ಕೂಡ ಬಹಳ ಏರಿರಬಾರದು. ಸುಟ್ಟ ಮೇಲೂ ಉಳಿದ ಭಾಗದಲ್ಲಿ ಮತ್ತೆ ಬಂದೀತೇ ಎಂದು ಪರೀಕ್ಷೆಗೆ ಬರುತ್ತಲೇ ಇರಬೇಕು. ಭಾವ ಎಲ್ಲಕ್ಕೂ ತಲೆಯಾಡಿಸಿದರು. ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಾಗ ಬಿ.ಪಿ. ಮಾತ್ರೆಯೊಂದೇ ಎಂದರು.

ಅದು ಸುಳ್ಳು. ಮೂತ್ರ ಕಟ್ಟಿಕೊಳ್ಳುತ್ತದೆ ಎಂದು ಚನ್ನಪಟ್ಟಣದ ಡಾಕ್ಟರೊಬ್ಬರು ಬರೆದುಕೊಟ್ಟಿದ್ದ ಮಾತ್ರೆಯನ್ನು ಭಾವ ವರ್ಷಗಳಿಂದ ನುಂಗುತ್ತಿದ್ದರು. ಅನಂತರಾಜು ಆ ಮಾತ್ರೆಯನ್ನು ಮುಟ್ಟಿದವರಲ್ಲ. ಅವನಿಗಿಲ್ಲದ ಒಂದು ಊನ ತನಗಿದೆ ಎಂದು ಹೇಳಿಕೊಂಡರೆ ಎಲ್ಲಿ ತನ್ನನ್ನು ಕೈಬಿಡುತ್ತಾರೋ ಎಂದು ಬಚ್ಚಿಟ್ಟರು. ಗೂಡಿನ ಮಾರ್ಕೆಟ್ಟಿನಲ್ಲಿ ಒಂದು ದಿನವೂ ಮಾಡದ ಕೆಲಸವನ್ನು ಡಾಕ್ಟರ ಮುಂದೆ ಮಾಡಿದರು. ಎರಡನೇ ಸಲ ಹೋದಾಗ ನರ್ಸ್ ಹಿನಾ ಮತ್ತೆ ಅದೇ ಪ್ರಶ್ನೆ ಕೇಳಿದಳು. ದೊಡ್ಡಕ್ಕ ಏನೂ ಅರಿಯದೆ ಬ್ಯಾಗಿನಿಂದ ಮಾತ್ರೆಗಳನ್ನೆಲ್ಲ ತೆಗೆದು ಅವಳ ಕೈಗೆ ಕೊಟ್ಟಳು. ಭಾವ ಹೆಂಡತಿಯನ್ನು ಸುಡುವಂತೆ ನೋಡಿದರು.

ಆ ಮಾತ್ರೆ ಪಿಎಸ್ಎಯನ್ನು ಅರ್ಧದಷ್ಟು ಇಳಿಸುತ್ತದಂತೆ. ಲೆಕ್ಕ ಸರಿ ಮಾಡಿ ನೋಡಿದರೆ ಭಾವನದು ಷಡ್ಡಕನದರ ಎರಡರಷ್ಟಕ್ಕಿಂತ ಮೇಲಿತ್ತು. ಅದು ಸಾಲದೆಂಬಂತೆ, ಸ್ಕ್ಯಾನ್ ಮಾಡಿ ಸೂಜಿ ಹಾಕಿ ತೆಗೆದಿದ್ದ ತುಣುಕಿನ ಫಲಿತಾಂಶವೂ ಬಂತು. ಗಡ್ಡೆ ಎರಡೂ ಕಡೆ ಇತ್ತು. ಎಡಗಡೆಯದು ಒರಟು ಜಾತಿಯದು, ಗ್ರಂಥಿಯ ಅಂಚಿಗೆ ಒತ್ತಿಕೊಂಡಿತ್ತು. ಬೇರೆಲ್ಲೂ ಹರಡಿಲ್ಲ, ಅದೊಂದು ಪುಣ್ಯ. ಡಾಕ್ಟರು ಎರಡು ದಾರಿ ಹೇಳಿದರು: ಆಪರೇಷನ್ ಮಾಡಿ ಗ್ರಂಥಿಯನ್ನು ಪೂರ್ತಿ ತೆಗೆಯುವುದು, ಇಲ್ಲವೇ ಇಂಜೆಕ್ಷನ್ ಜೊತೆಗೆ ರೇಡಿಯೇಷನ್. ಭಾವನ ಮೈಕಟ್ಟು ನೋಡಿದರೆ ಆಪರೇಷನ್ ತಡೆದುಕೊಳ್ಳುತ್ತಾರೆ ಎಂದರು. ಕೆಲವು ತಿಂಗಳು ಮೂತ್ರ ಸೋರಬಹುದು, ಗಂಡಸುತನಕ್ಕೂ ಪೆಟ್ಟು ಬೀಳಬಹುದು ಎನ್ನುವುದನ್ನೂ ಮುಚ್ಚಿಡಲಿಲ್ಲ.

ಭಾವ ಕೈಮುಗಿದು ಕೂತರು. "ನಾವಿಬ್ರೂ ಒಂದೇ ಮನೆ ಅಳಿಯಂದ್ರು ಮೇಡಮ್ಮೋರೇ. ನಮ್ ಮಾವ ಇಬ್ರಿಗೂ ಒಂದೇ ತರ ಮಾಡ್ತಿದ್ದ. ನೀವೂ ಅವನಿಗೆ ಮಾಡಿದ್ದೇ ನಂಗೂ ಮಾಡ್ಬುಡಿ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಡಾಕ್ಟರು ನಗಲಿಲ್ಲ.

"ಆರಿಸೋದು ನಾನಲ್ಲ ಹನುಮಂತಯ್ಯನವರೇ, ನಿಮ್ಮ ಕಾಯಿಲೆ. ಅವರದ್ದು ಒಂದೇ ಜಾಗದಲ್ಲಿತ್ತು, ಸುಟ್ಟೆ. ನಿಮಗೆ ಅದನ್ನೇ ಮಾಡಿದರೆ ಒಂದು ಕಡೆಯದನ್ನು ಸುಟ್ಟು, ಇನ್ನೊಂದು ಕಡೆಯದನ್ನು ಬೆಳೆಯೋಕೆ ಬಿಟ್ಟು ಕಳಿಸಿದ ಹಾಗೆ. ಈಗ ಒಳಗೇ ಇದೆ, ತೆಗೆದರೆ ಗುಣವಾಗುತ್ತೆ. ಹೊರಗೆ ದಾಟಿದರೆ ಆಮೇಲೆ ನನ್ನ ಕೈಲಿ ಆಗೋದು ಕಡಿಮೆ."

ಭಾವ ಎದ್ದು ಹೊರಗೆ ಬಂದರು. ವ್ಯಾನಿನಲ್ಲಿ ಊರಿಗೆ ಕರೆದುಕೊಂಡು ಬಂದೆ. ಮನೆ ಮುಂದೆ ಇಳಿದು, ಸುಟ್ಟರೆ ಮಾಡಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಹೀಗೇ ಇರುತ್ತೇನೆ ಎಂದು ಹೇಳಿ ಬಾಗಿಲು ಹಾಕಿಕೊಂಡರು.

ಆಮೇಲಿನ ದಿನಗಳಲ್ಲಿ ಅವರು ನಮ್ಮೆಲ್ಲರ ಜೀವ ತಿಂದರು. ಅನಂತರಾಜು ಯಾರದೋ ಶಿಫಾರಸಿನಿಂದ ಆಯ್ಕೆಯಾಗಿದ್ದಾನೆ ಎನ್ನುವುದು ಅವರ ಗುಮಾನಿ. ತಾಲ್ಲೂಕಿನಲ್ಲಿ ನಾಲ್ಕು ಜನ ಮಾತು ಕೇಳುವ ಶಂಭುಲಿಂಗ ಎನ್ನುವವರನ್ನು ಹಿಡಿದು ಆಸ್ಪತ್ರೆಗೆ ಫೋನ್ ಮಾಡಿಸಿದರು. ಡಾಕ್ಟರು ಅವರಿಗೆ ಏನು ಹೇಳಿದರೋ ಗೊತ್ತಿಲ್ಲ, ಶಂಭುಲಿಂಗ ಮಾರನೇ ದಿನ ಭಾವನ ಮನೆಗೇ ಬಂದು ಬೇಗ ಆಪರೇಷನ್ ಮಾಡಿಸಿಕೊಳ್ಳಿ ಎಂದು ಹೇಳಿ ಕಾಫಿ ಕುಡಿದು ಹೋದರು. ದೊಡ್ಡಕ್ಕ ಅತ್ತಳು, ಜಗಳವಾಡಿದಳು, ಊಟ ಬಿಟ್ಟಳು. ನಾನು ಕೂಗಾಡಿದೆ. ಹುಳ ಸಾಕುವ ಮನೆಯಲ್ಲಿ ಒಂದು ತಟ್ಟೆಗೆ ರೋಗ ಬಂದರೆ ಏನು ಮಾಡುತ್ತೀರಿ ಭಾವ, ನಾಲ್ಕು ಹುಳ ಹೆಕ್ಕಿ ಎಸೆದು ಉಳಿದದ್ದಕ್ಕೆ ಸೊಪ್ಪು ಹಾಕುತ್ತೀರಾ ಎಂದು ಕೇಳಿದೆ. ಅದು ಹುಳ, ಇದು ನಾನು ಎಂದರು. ಅವರಿಗೆ ಸಾವಿನ ಭಯ ಇರಲಿಲ್ಲ ಅಂತಲ್ಲ. ಅದಕ್ಕಿಂತ ದೊಡ್ಡ ಭಯ ಒಂದಿತ್ತು. ಅನಂತರಾಜು ಪ್ಯಾಂಟು ಹಾಕಿ ಸ್ಕೂಟರ್ ಓಡಿಸಿಕೊಂಡು ಬರುವಾಗ ತಾನು ಎಳೆಮಗುವಿನ ಹಾಗೆ ಪ್ಯಾಡ್ ಕಟ್ಟಿಕೊಂಡು ಅವನ ಎದುರು ಕೂರಬೇಕಲ್ಲ ಎನ್ನುವುದು. ಇದನ್ನು ಅವರೇ ನನಗೆ ಹೇಳಿದ್ದು. ಮಳೆಗಾಲ ಶುರುವಾಯಿತು. ಆಸ್ಪತ್ರೆಯಿಂದ ಹಿನಾ ಫೋನ್ ಮಾಡಿ, ಇನ್ನೂ ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ ಎಂದಳು.

ಆಗ ಒಂದು ಭಾನುವಾರ ಅನಂತರಾಜು ನನಗೆ ಫೋನ್ ಮಾಡಿ, ದೊಡ್ಡ ಭಾವನ ಮನೆಗೆ ಹೋಗಬೇಕು, ಬಾ ಎಂದರು. ಹೋದೆವು. ಭಾವ ಜಗುಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ನಮ್ಮನ್ನು ನೋಡಿಯೂ ಮಚ್ಚು ನಿಲ್ಲಿಸಲಿಲ್ಲ. ಅನಂತರಾಜು ಅವರ ಎದುರು ನೆಲದ ಮೇಲೇ ಕೂತರು. ತಗ್ಗಿದ ದನಿಯಲ್ಲಿ ತಮ್ಮ ಪರೀಕ್ಷೆಯ ರಿಪೋರ್ಟ್ ಬಂದಿದೆ, ಚೆನ್ನಾಗಿಲ್ಲ ಎಂದರು. ಸುಟ್ಟ ಜಾಗ ಬಿಟ್ಟು ಇನ್ನೊಂದು ಕಡೆ ಬಂದಿದೆಯಂತೆ. ತಮಗೂ ಪೂರ್ತಿ ತೆಗೆಯಬೇಕಂತೆ. ಚಿಕ್ಕಲಕ್ಷ್ಮಮ್ಮನಿಗೆ ಬಿ.ಪಿ. ಇದೆ, ಅವಳಿಗೆ ಇನ್ನೂ ಹೇಳಿಲ್ಲ, ನೀವ್ಯಾರೂ ಬಾಯಿ ಬಿಡಬೇಡಿ ಎಂದರು.

ಮಚ್ಚು ನಿಂತಿತು. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ದೊಡ್ಡ ಭಾವನ ಮುಖ ಬೆಳಗಿತು. ತಕ್ಷಣ ತಡೆದುಕೊಂಡರು, ಛೆ ಛೆ ಎಂದರು, ಷಡ್ಡಕನ ಭುಜದ ಮೇಲೆ ಕೈಯನ್ನೂ ಇಟ್ಟರು. ಆದರೆ ಕಂಡದ್ದು ಕಂಡಿತು. ಅನಂತರಾಜು ಕೂಡ ಅದನ್ನು ಕಂಡರು. ಆಮೇಲೆ ಅವರು ಹೇಳಿದ ಮಾತನ್ನು ನಮ್ಮ ಮನೆಯಿಂದ ಹೆಣ್ಣು ತಂದವರಲ್ಲದೆ ಬೇರೆ ಯಾರೂ ಹೇಳಲಾರರು.

"ಆದ್ರೆ ನಾನು ಮೊದ್ಲು ಮಾಡಿಸ್ಕೊಳಾಕಿಲ್ಲ ಅಣ್ಣ. ಆ ಮನೆ ದೊಡ್ಡ ಅಳಿಯ ನೀವು. ನಿಮ್ದು ಆಗ್ಲಿ, ಆಮೇಲೆ ನಂದು."

ಭಾವ ಇಲ್ಲ ಎನ್ನಲು ಬಾಯಿ ತೆರೆದರು. ಇಲ್ಲ ಎನ್ನುವುದು ಹೇಗೆ? ಜೀವಮಾನವಿಡೀ ಯಾವುದಕ್ಕಾಗಿ ಎಲೆ ಮಡಚಿ ಎದ್ದು ಬಂದರೋ ಅದನ್ನೇ ಷಡ್ಡಕ ತಂದು ಮುಂದೆ ಇಟ್ಟಿದ್ದ. ಸೊಪ್ಪನ್ನು ಬುಟ್ಟಿಗೆ ತುಂಬಿ, ಒಳಗಿದ್ದ ದೊಡ್ಡಕ್ಕನಿಗೆ ಕೇಳುವಂತೆ, ನಟರಾಜ ನಾಳೆಯೇ ಹೋಗಿ ದಿನ ಗೊತ್ತು ಮಾಡಿಕೊಂಡು ಬರಲಿ ಎಂದು ಕೂಗಿ ಹೇಳಿದರು.

ಆಪರೇಷನ್ ಆಯಿತು. ತೆಗೆದ ಗ್ರಂಥಿಯನ್ನು ಪರೀಕ್ಷಿಸಿ, ಗಡ್ಡೆ ಅಂಚಿನವರೆಗೆ ಬಂದಿತ್ತು, ದಾಟಿರಲಿಲ್ಲ ಎಂದು ಡಾಕ್ಟರು ಹೇಳಿದರು. ಇನ್ನಷ್ಟು ತಡ ಮಾಡಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದೂ ಹೇಳಿದರು. ದೊಡ್ಡಕ್ಕ ಆಸ್ಪತ್ರೆಯ ಕಾರಿಡಾರಿನಲ್ಲೇ ಸಾವನದುರ್ಗದ ವೀರಭದ್ರನಿಗೆ ಹರಕೆ ಹೊತ್ತುಕೊಂಡಳು.

ಮನೆಗೆ ಬಂದ ಮೇಲಿನ ಎರಡು ಮೂರು ತಿಂಗಳು ನಾನು ಕಂಡ ಹನುಮಂತಯ್ಯನೇ ಬೇರೆ. ನಳಿಕೆ ಹಾಕಿದ್ದರು, ತೆಗೆದ ಮೇಲೆ ಸೋರಿತು, ಪ್ಯಾಡ್ ಕಟ್ಟಿಕೊಂಡರು, ಕೆಮ್ಮಿದರೆ ಒದ್ದೆಯಾಗುತ್ತಿತ್ತು. ಒಂದಕ್ಕೂ ಗೊಣಗಲಿಲ್ಲ. ದಿನಾ ಅನಂತರಾಜುಗೆ ಫೋನ್ ಮಾಡಿ ಎಲ್ಲ ವಿವರಿಸುತ್ತಿದ್ದರು. ಯಾವ ಪ್ಯಾಡ್ ಒಳ್ಳೆಯದು, ನರ್ಸ್ ಹೇಳಿಕೊಟ್ಟ ವ್ಯಾಯಾಮ ಹೇಗೆ ಮಾಡುವುದು, ಮೊದಲ ವಾರ ಏನು ತಿನ್ನಬಾರದು. ಹೆದರಬೇಡ ಎಂದು ಧೈರ್ಯ ಹೇಳುತ್ತಿದ್ದರು. ಷಡ್ಡಕನಿಗೆ ಮೈಗೆ ಶಕ್ತಿ ಬರಲಿ ಎಂದು ನನ್ನ ಕೈಲಿ ನಾಟಿಕೋಳಿ ಕಳಿಸಿದರು. ಅದಕ್ಕೆ ಮುಂಚೆ ಅವರು ಅನಂತರಾಜುಗೆ ಏನನ್ನಾದರೂ ಕೊಟ್ಟದ್ದು ನನಗೆ ನೆನಪಿಲ್ಲ. ಈ ಮನುಷ್ಯ ಇಷ್ಟು ನಗುತ್ತಾನೆ ಅಂತ ನನಗೇ ಗೊತ್ತಿರಲಿಲ್ಲ ಎಂದು ದೊಡ್ಡಕ್ಕ ಹೇಳಿದಳು. ಹೊಟ್ಟೆಕಿಚ್ಚು ಇಲ್ಲದ ಹೊಟ್ಟೆ ಹೇಗಿರುತ್ತದೆ ಅಂತ ಅವರಿಗೆ ಆಗಲೇ ಗೊತ್ತಾಗಿದ್ದು ಅನಿಸುತ್ತದೆ. ನಿನ್ನ ಆಪರೇಷನ್ ಯಾವಾಗ ಎಂದು ಕೇಳಿದಾಗಲೆಲ್ಲ ಅನಂತರಾಜು, ಡಾಕ್ಟರು ಇನ್ನೂ ದಿನ ಹೇಳಿಲ್ಲ ಎನ್ನುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಚಿಕ್ಕಕ್ಕ ಮತ್ತು ಅನಂತರಾಜು ಎಳ್ಳುಬೆಲ್ಲ ಕೊಡಲು ದೊಡ್ಡ ಭಾವನ ಮನೆಗೆ ಬಂದರು. ನಾನೂ ಇದ್ದೆ. ಭಾವನ ಸೋರಿಕೆ ಅಷ್ಟು ಹೊತ್ತಿಗೆ ಹೆಚ್ಚೂಕಮ್ಮಿ ನಿಂತಿತ್ತು, ಪಿಎಸ್ಎ ಸೊನ್ನೆಯ ಹತ್ತಿರ ಬಂದಿತ್ತು. ಎಲ್ಲರೂ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆವು. ಇಷ್ಟು ದಿನವಾದ ಮೇಲೆ ಹೆಂಡತಿಗೆ ಹೇಳಿರುತ್ತಾನೆ ಎಂದುಕೊಂಡ ಭಾವ, ನಾದಿನಿಯ ಕಡೆ ತಿರುಗಿ, ಇವನ ಆಪರೇಷನ್ ಮುಗಿದ ಮೇಲೆ ಒಂದು ತಿಂಗಳು ಇಲ್ಲೇ ಬಂದಿರಿ, ಹಳ್ಳಿ ಗಾಳಿ ಒಳ್ಳೆಯದು ಎಂದರು.

ಚಿಕ್ಕಕ್ಕನಿಗೆ ಅರ್ಥವಾಗಲಿಲ್ಲ. ಯಾವ ಆಪರೇಷನ್ ಎಂದಳು. ಮೊನ್ನೆ ತಾನೇ ಪರೀಕ್ಷೆಗೆ ಹೋಗಿ ಬಂದೆವು, ಹೋದ ಸಲದ ಹಾಗೆ ಈ ಸಲವೂ ಎಲ್ಲ ಚೆನ್ನಾಗಿದೆ ಎಂದರು, ಮುಂದಿನ ಪರೀಕ್ಷೆ ಇನ್ನು ಮಳೆಗಾಲಕ್ಕೆ ಎಂದಳು.

ಅವತ್ತು ಜಗುಲಿಯಲ್ಲಿ ಅನಂತರಾಜು ಹೇಳಿದ್ದ ಸುಳ್ಳನ್ನು ನಾನೂ ನಂಬಿದ್ದೆ. ಅನಂತರಾಜು ಕಡಲೆಕಾಯಿ ಸಿಪ್ಪೆ ನೋಡುತ್ತಾ ಮೆಲ್ಲಗೆ ಹೇಳಿದರು:

"ಇಲ್ದಿದ್ರೆ ನೀವು ಒಪ್ತಿರ್ಲಿಲ್ಲ ಅಣ್ಣ."

ದೊಡ್ಡ ಭಾವ ಎದ್ದು ಹೊರಗೆ ನಡೆದರು. ಈಗ ಕೂಗಾಟ, ಇನ್ನು ಈ ಎರಡು ಮನೆಗೆ ಮಾತು ನಿಂತಂತೆಯೇ ಎಂದುಕೊಂಡು ನಾನು ಹಿಂದೆಯೇ ಓಡಿದೆ. ಹಿತ್ತಲಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಮುಖದಲ್ಲಿ ಹಳೆಯ ಗಂಟು ಬಂದು ಕೂತಿತ್ತು. ಅದರ ಜೊತೆಗೆ ಕಣ್ಣಲ್ಲಿ ನೀರೂ ಇತ್ತು, ಅದನ್ನು ನಾನು ಎಂದೂ ಕಂಡಿರಲಿಲ್ಲ. ನನಗೆ ಸಿಟ್ಟು ಬಂತು. ಜೀವ ಉಳಿಯಿತಲ್ಲ ಭಾವ, ಉಳಿಸಿದವರ ಮೇಲೂ ಹೊಟ್ಟೆಕಿಚ್ಚೇ, ಇನ್ನಾದರೂ ಸಾಕು ಮಾಡಬಾರದೇ ಎಂದು ಒದರಿದೆ.

ಅವರು ಟವಲಿನಿಂದ ಮುಖ ಒರೆಸಿಕೊಂಡರು.

"ಅದ್ನೇ ಒಸಿ ತಿರುಗ್ಸಿ ನೋಡ್ಲಾ ನಟ್ರಾಜ. ನಂಗೆ ಸುಟ್ಟು ಕಳ್ಸಿ, ಅವ್ನಿಗೆ ಕುಯ್ಯಬೇಕಾಗಿ ಬಂದು, ಅವ್ನು ಒಲ್ಲೆ ಅಂತ ಕೂತಿದ್ರೆ, ನಾನು ಹೋಗಿ ಈ ಸುಳ್ಳು ಹೇಳ್ತಿದ್ನಾ? ಇಲ್ಲ ಕಣ್ಲಾ. ನೋಡ್ಕಂಡು ಸುಮ್ಕೆ ಇರ್ತಿದ್ದೆ. ಅದು ನಂಗೂ ಗೊತ್ತು, ಅವ್ನಿಗೂ ಗೊತ್ತು. ಗೊತ್ತಿದ್ದೂ ಬಂದು ಹೇಳವ್ನೆ. ಅದಕ್ಕೇ ಕಣ್ಲಾ ನಂಗೆ ಹೊಟ್ಟೆ ಉರೀತಿರಾದು."